ಮೂರು ಊರಿನ ಮೂರು ಕಂಪ್ಯೂಟರ್

ಕೊಪ್ಪದ ಬಸ್‌ಸ್ಟ್ಯಾಂಡಿನ ಹಿಂದೆ, ಬಟ್ಟೆ ಅಂಗಡಿಯೊಂದರ ಮಹಡಿಯಲ್ಲಿ ಒಂದು ಟೈಪಿಂಗ್ ಶಾಲೆ ಇತ್ತು. ಎರಡು ಸಾವಿರದ ಇಸವಿ ದಾಟುತ್ತಿದ್ದ ಹಾಗೆ ಅದು ಕಂಪ್ಯೂಟರ್ ಶಾಲೆಯಾಯಿತು. ಬೋರ್ಡು ಬದಲಾಯಿತು, ಬೆಂಚುಗಳು ಅವೇ ಉಳಿದವು. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕೂತಿದ್ದ ನಾನು ಅಲ್ಲಿ ಟೀಚರಾಗಿ ಸೇರಿದೆ. ಯಜಮಾನರು ಮೂವತ್ತು ವರ್ಷ ಟೈಪಿಂಗ್ ಕಲಿಸಿದವರು. ಕಂಪ್ಯೂಟರನ್ನು ಅವರು ಮುಟ್ಟುತ್ತಿರಲಿಲ್ಲ. ಆದರೆ ಅದರ ಬಗ್ಗೆ ಅವರಲ್ಲಿ ಅಭಿಪ್ರಾಯಗಳಿಗೆ ಬರ ಇರಲಿಲ್ಲ.

ವರ್ಷ ತುಂಬುವುದರೊಳಗೆ ಶೃಂಗೇರಿಯಲ್ಲೂ ನರಸಿಂಹರಾಜಪುರದಲ್ಲೂ ಶಾಖೆ ತೆರೆದರು. ಕೊಪ್ಪಕ್ಕೆ ಶಿವಮೊಗ್ಗದಿಂದ ನಾಲ್ಕು ಹೊಸ ಕಂಪ್ಯೂಟರ್ ಬಂದಿದ್ದವು. ಶೃಂಗೇರಿಯವು ಯಾವುದೋ ಆಫೀಸಿನವರು ಬೇಡವೆಂದು ಹರಾಜು ಹಾಕಿದವು. ನರಸಿಂಹರಾಜಪುರದ ಮೂರನ್ನು ಯಜಮಾನರ ಭಾವಮೈದುನ ಬಿಡಿಭಾಗ ತಂದು ಜೋಡಿಸಿದ್ದ. ಅದರಲ್ಲಿ ಒಂದಕ್ಕೆ ಮುಚ್ಚಳವೇ ಇರಲಿಲ್ಲ. ಯಂತ್ರ ಬೇರೆಯಾದಂತೆ ಅದನ್ನು ನಡೆಸುವ ಆಪರೇಟಿಂಗ್ ಸಿಸ್ಟಂ ಕೂಡ ಬೇರೆ. ಕೊಪ್ಪದಲ್ಲಿ ಪರದೆಯ ಕೆಳತುದಿಯಲ್ಲಿದ್ದ ಬಟನ್ ಶೃಂಗೇರಿಯಲ್ಲಿ ಮೇಲಿತ್ತು, ನರಸಿಂಹರಾಜಪುರದಲ್ಲಿ ಇರಲೇ ಇಲ್ಲ. ಒಂದು ಊರಿನಲ್ಲಿ ಟೈಪ್ ಮಾಡಿದ ಕಾಗದ ಇನ್ನೊಂದು ಊರಿನಲ್ಲಿ ತೆರೆದುಕೊಳ್ಳುತ್ತಿರಲಿಲ್ಲ. ವಾರದಲ್ಲಿ ಎರಡೆರಡು ದಿನ ಒಂದೊಂದು ಊರಿಗೆ ಬಸ್ಸಿನಲ್ಲಿ ಹೋಗುತ್ತಿದ್ದ ನಾನು ಮೂರು ನೋಟ್ ಪುಸ್ತಕ ಇಟ್ಟುಕೊಂಡಿದ್ದೆ. ತಪ್ಪು ಪುಸ್ತಕ ತೆಗೆದುಕೊಂಡು ಹೋದ ದಿನ ಮಕ್ಕಳ ಜೊತೆ ನಾನೂ ಕಲಿಯುತ್ತಿದ್ದೆ.

ಯಜಮಾನರು ಮಾತ್ರ ಇದನ್ನೇ ಕರಪತ್ರದಲ್ಲಿ ಅಚ್ಚು ಹಾಕಿಸಿದರು: ‘ಮೂರು ಬಗೆಯ ಕಂಪ್ಯೂಟರ್‌ಗಳಲ್ಲಿ ತರಬೇತಿ.’

ನರಸಿಂಹರಾಜಪುರದಲ್ಲಿ ಮೇಷ್ಟ್ರೊಬ್ಬರ ಹೆಂಡತಿ ನನ್ನಲ್ಲಿ ಎರಡು ತಿಂಗಳು ಶ್ರದ್ಧೆಯಿಂದ ಕಲಿತಿದ್ದರು. ಗಂಡನಿಗೆ ವರ್ಗವಾಗಿ ಶೃಂಗೇರಿಗೆ ಬಂದರು. ಅಲ್ಲಿನ ಶಾಖೆಯಲ್ಲಿ ಕಂಪ್ಯೂಟರ್ ಮುಂದೆ ಕೂತವರು ಪರದೆಯಲ್ಲಿ ಐದು ನಿಮಿಷ ಬಟನ್ ಹುಡುಕಿ, “ಮೇಡಂ, ನಾನು ಕಲಿತ ಕಂಪ್ಯೂಟರ್ ಇದಲ್ಲ” ಎಂದರು. ಆ ದಿನ ಯಜಮಾನರೂ ಅಲ್ಲಿದ್ದರು.

“ಹೌದಮ್ಮ, ಇದು ಬೇರೆ. ಮೊದಲಿಂದ ಸೇರ್ಕೊಳ್ಳಿ. ಫೀಸಿನಲ್ಲಿ ಸ್ವಲ್ಪ ಬಿಡುವ” ಎಂದರು.

“ನಾನು ಸ್ಕೂಟರ್ ಕಲ್ತದ್ದೂ ಎನ್.ಆರ್. ಪುರದಲ್ಲೇ ಸಾರ್. ಶೃಂಗೇರಿಯಲ್ಲಿ ಅದನ್ನೂ ಮೊದಲಿಂದ ಕಲೀಬೇಕಾ?”

ನನಗೆ ಮೈಯೆಲ್ಲ ನಾಚಿಕೆಯಾಯಿತು. ಆಕೆಗೆ ಎರಡು ತಿಂಗಳು ನಾನು ಕಲಿಸಿದ್ದು ಕಂಪ್ಯೂಟರನ್ನಲ್ಲ, ನರಸಿಂಹರಾಜಪುರದ ಮೂರು ಡಬ್ಬಿಗಳನ್ನು.

ಕಂಪ್ಯೂಟರ್ ಪತ್ರಿಕೆಯೊಂದರ ಜೊತೆ ಬಂದ ಒಂದು ಸಿ.ಡಿ. ನನ್ನಲ್ಲಿತ್ತು. ಅದರಲ್ಲಿ ಯಾರು ಬೇಕಾದರೂ ಹಾಕಿಕೊಳ್ಳಬಹುದಾದ ಆಪರೇಟಿಂಗ್ ಸಿಸ್ಟಂ ಇತ್ತು. ಹಳೆಯ ಯಂತ್ರ, ಹೊಸ ಯಂತ್ರ ಎಂಬ ಭೇದ ಅದಕ್ಕಿರಲಿಲ್ಲ. ವಾಪಸು ಬರುವ ಬಸ್ಸಿನಲ್ಲಿ ಯಜಮಾನರ ಪಕ್ಕ ಕೂತು ವಾದ ಮಂಡಿಸಿದೆ. ಮೂರೂ ಕಡೆ ಇದೊಂದನ್ನೇ ಹಾಕಿದರೆ ಒಂದೇ ಪಾಠ, ಒಂದೇ ನೋಟ್ಸು. ಒಂದು ಯಂತ್ರ ಕೆಟ್ಟರೆ ಸಿಕ್ಕಿದ ಯಂತ್ರ ತಂದಿಟ್ಟರಾಯಿತು. ಕಲಿತವರು ಯಾವ ಊರಿಗೆ ಹೋದರೂ ಕಲಿತದ್ದು ಜೊತೆಗೆ ಬರುತ್ತದೆ.

“ಬಿಟ್ಟಿ ಸಿಕ್ಕಿದ್ದಾ?” ಎಂದರು.

“ಹೌದು ಸಾರ್.”

“ಬಿಟ್ಟಿ ಸಿಕ್ಕಿದ್ದಕ್ಕೆ ಫೀಸ್ ತಗೊಳ್ಳೋದು ಹೇಗೆ ಮಾರಾಯ್ತಿ?” ಎಂದವರು, ಮುಂದಿನ ಸ್ಟಾಪು ಬರುವಷ್ಟರಲ್ಲಿ ನಿದ್ದೆ ಹೋದರು.

ಅವರ ಮನಸ್ಸನ್ನು ಬದಲಾಯಿಸಿದ್ದು ನನ್ನ ವಾದವಲ್ಲ, ಸಿಡಿಲು. ಮಳೆಗಾಲಕ್ಕೆ ಮುಂಚಿನ ಒಂದು ಸಂಜೆ ಕೊಪ್ಪದ ನಾಲ್ಕರಲ್ಲಿ ಎರಡು ಸುಟ್ಟುಹೋದವು. ಬದಲಿಗೆ ಸಿಕ್ಕಿದ ಹಳೆಯ ಯಂತ್ರಗಳಲ್ಲಿ ಕೊಪ್ಪದ ಸಿಸ್ಟಂ ಓಡಲಿಲ್ಲ. ರಿಪೇರಿಯವನು ಹೊಸದನ್ನೇ ಕೊಳ್ಳಿ ಎಂದ. ಯಜಮಾನರು ನನ್ನತ್ತ ತಿರುಗಿ, “ಆ ನಿನ್ನ ಬಿಟ್ಟಿ ಸಿ.ಡಿ. ಎಲ್ಲಿಟ್ಟಿದ್ದಿ?” ಎಂದರು.

ಎರಡು ಭಾನುವಾರ ಹಿಡಿಯಿತು. ಎಲ್ಲವೂ ನಾನು ಬಸ್ಸಿನಲ್ಲಿ ಹೇಳಿದಷ್ಟು ಸಲೀಸಾಗಿ ಆಗಲಿಲ್ಲ. ಶೃಂಗೇರಿಯ ಯಂತ್ರಗಳು ಸದ್ದೇ ಹೊರಡಿಸದೆ ಮೂಕವಾದವು; ನರಸಿಂಹರಾಜಪುರದ ಪ್ರಿಂಟರ್ ಹಾಳೆಗಟ್ಟಲೆ ಅರ್ಥವಾಗದ ಚಿಹ್ನೆಗಳನ್ನು ಉಗುಳಿತು. ಆದರೆ ಮೂರು ಊರಿನಲ್ಲೂ ಬಟನ್ ಒಂದೇ ಜಾಗದಲ್ಲಿತ್ತು. ನಾನು ಮೂರೂ ನೋಟ್ ಪುಸ್ತಕವನ್ನು ಒಲೆಗೆ ಹಾಕಿ ಹೊಸದೊಂದು ಕೊಂಡೆ.

ಮರುವಾರ ಬಾಳೆಹೊನ್ನೂರಿನ ಕಡೆಯ ತೋಟದವರೊಬ್ಬರು ಮಗಳನ್ನು ಸೇರಿಸಲು ಕೊಪ್ಪಕ್ಕೆ ಬಂದರು. ಪರದೆ ನೋಡಿದವರೇ ಮುಖ ಗಂಟಿಕ್ಕಿದರು.

“ಹಸಿರು ಗುಡ್ಡ ಎಲ್ಲಿ?”

“ಯಾವ ಗುಡ್ಡ ಸಾರ್?”

“ಕಂಪ್ಯೂಟರ್ ಹಾಕಿದ ಕೂಡಲೇ ಒಂದು ಹಸಿರು ಗುಡ್ಡ, ನೀಲಿ ಆಕಾಶ ಬರ್ತದಲ್ಲ! ನಮ್ಮ ಭಾವನ ಮನೇಲಿ ಉಂಟು. ಗುಡ್ಡ ಇಲ್ದಿದ್ರೆ ಅದು ಡೂಪ್ಲಿಕೇಟ್ ಮಾರಾಯ್ರೆ.”

ಅವರು ಕೂತಿದ್ದ ಕುರ್ಚಿಯ ಹಿಂದಿನ ಕಿಟಕಿಯ ತುಂಬ ಗುಡ್ಡವೇ ಇತ್ತು. ನಾನು ಏನೇನೋ ವಿವರಿಸಿದೆ. ಯೋಚನೆ ಮಾಡಿ ಬರುತ್ತೇನೆಂದು ಮಗಳನ್ನು ಕರೆದುಕೊಂಡು ಇಳಿದುಹೋದರು.

ಪಕ್ಕದ ಸ್ಟುಡಿಯೋದವರಿಂದ ಡಿಜಿಟಲ್ ಕ್ಯಾಮೆರಾ ಎರವಲು ತಂದು, ಅದೇ ಕಿಟಕಿಯಿಂದ ಗುಡ್ಡದ ಫೋಟೋ ತೆಗೆದು, ಮೂರೂ ಊರಿನ ಪರದೆಗಳಿಗೆ ಹಾಕಿದೆ. ತೋಟದವರು ಮತ್ತೆ ಬಂದರು. ಎಡ ಮೂಲೆಯಲ್ಲಿ ಒಂದು ವಿದ್ಯುತ್ ಕಂಬ ಇದ್ದದ್ದು ಅವರಿಗೆ ಅಡ್ಡಿಯಾಗಲಿಲ್ಲ. “ಈಗ ಸರಿಯಾಯ್ತು ನೋಡಿ. ಮೊನ್ನೆಯದು ಎಂತದೋ ಒಂದು ನಮೂನೆ ಇತ್ತು” ಎಂದು ಮಗಳನ್ನು ಸೇರಿಸಿದರು.

ಮೇಷ್ಟ್ರ ಹೆಂಡತಿ ಶೃಂಗೇರಿಯಲ್ಲೇ ಕೋರ್ಸ್ ಮುಗಿಸಿದರು. ಆಮೇಲೆ ಆಫೀಸೊಂದರಲ್ಲಿ ತಾತ್ಕಾಲಿಕ ಕೆಲಸ ಸಿಕ್ಕಿತು. ಅಲ್ಲಿದ್ದದ್ದು ನಾವು ಕಂಡೇ ಇರದ ಇನ್ನೊಂದು ಜಾತಿಯ ಕಂಪ್ಯೂಟರ್. “ಸ್ವಲ್ಪ ಹೊತ್ತು ಹುಡುಕಿದೆ ಮೇಡಂ, ಆಮೇಲೆ ಸಿಕ್ತು” ಎಂದು ಅವರು ಹೇಳಿದಾಗ ನನಗೆ ಆ ಎರಡು ಭಾನುವಾರಗಳ ಬೇಸರವೆಲ್ಲ ಹೋಯಿತು. ಯಜಮಾನರು ಮರುದಿನವೇ ಹೊಸ ಕರಪತ್ರ ಮಾಡಿಸಿದರು: ‘ಇಲ್ಲಿ ಕಲಿತವರು ಜಗತ್ತಿನ ಯಾವ ಕಂಪ್ಯೂಟರನ್ನಾದರೂ ನಡೆಸಬಲ್ಲರು.’ ಫೀಸನ್ನೂ ಏರಿಸಿದರು.

ಇದೇ ಸಮಯವೆಂದು ನಾನು ಸಂಬಳ ಜಾಸ್ತಿ ಕೇಳಿದೆ. ಅವರು ಕನ್ನಡಕ ತೆಗೆದು ಒರೆಸಿಕೊಂಡರು.

“ಮೊದಲು ನೀನು ಎಷ್ಟು ನಮೂನೆ ಪಾಠ ಮಾಡ್ತಿದ್ದೆ?”

“ಮೂರು.”

“ಈಗ?”

“ಒಂದು.”

“ನ್ಯಾಯವಾಗಿ ಇಳಿಸ್ಬೇಕು ಮಾರಾಯ್ತಿ. ನಾನು ಇಳಿಸ್ತಿಲ್ಲ” ಎಂದರು, ಬಹಳ ವಾತ್ಸಲ್ಯದಿಂದ.

ಒಂದೇ ಪಾಠ, ಒಂದೇ ನೋಟ್ಸು ಎಂದು ನಾನು ಬಸ್ಸಿನಲ್ಲಿ ಹೂಡಿದ ವಾದ ಅವರಿಗೆ ಅರ್ಥವಾಗಿರಲಿಲ್ಲ ಎಂದು ಅಷ್ಟು ದಿನ ನಾನು ತಿಳಿದಿದ್ದೆ. ಅದೇ ಸಂಬಳಕ್ಕೆ ಇನ್ನೂ ಎರಡು ವರ್ಷ ಅಲ್ಲೇ ಪಾಠ ಹೇಳಿದೆ.