ಹೊರಕ್ಕೆ ಎಳೆಯುವ ಸ್ನಾಯು

ಮೊನ್ನೆ ಮೊಮ್ಮಗಳ ಸೈಕಲ್ ಪಂಕ್ಚರ್ ಆಯಿತೆಂದು ಬನಶಂಕರಿಯ ಅಂಗಡಿಗೆ ತಳ್ಳಿಕೊಂಡು ಹೋದೆ. ಅಂಗಡಿಯವನು ಟ್ಯೂಬಿಗೆ ಸಲ್ಯೂಷನ್ ಹಚ್ಚಿದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಿಂತಲ್ಲಿ ನಿಲ್ಲಲಾಗಲಿಲ್ಲ. ರಸ್ತೆಯ ತುದಿಯವರೆಗೆ ಹೋಗಿ ಬಂದೆ, ಮತ್ತೆ ಹೋದೆ. "ಐದೇ ನಿಮಿಷ, ಕೂತ್ಕೊಳ್ಳಿ ಸಾರ್" ಅಂದ ಅವನು. ಕೂರುವುದು ಹೇಗೆ... ನಾನು ಕಣ್ಣಿನ ಪಾಠ ಕಲಿತದ್ದು ಅದೇ ವಾಸನೆಯಲ್ಲಿ.

ಅರವತ್ತರ ದಶಕದ ಆರಂಭ. ನಾನು ಮೆಡಿಕಲ್ ವಿದ್ಯಾರ್ಥಿ. ನಮಗೆ ಅನಾಟಮಿ ಹೇಳುತ್ತಿದ್ದ ಮೇಷ್ಟ್ರು ಜಯನಗರದಲ್ಲಿ ಹೊಸದಾಗಿ ಮನೆ ಕಟ್ಟಿಸಿದ್ದರು. ಸುತ್ತ ಖಾಲಿ ಸೈಟುಗಳು, ಅದರಲ್ಲಿ ಮೇಯುವ ಎಮ್ಮೆಗಳು. ಕಣ್ಣುಗುಡ್ಡೆಯನ್ನು ತಿರುಗಿಸುವ ಆರು ಸ್ನಾಯುಗಳು ನಮಗೆ ಬಾಯಿಪಾಠವಾಗಿದ್ದವು, ಆದರೆ ಯಾವುದು ಎತ್ತ ಎಳೆಯುತ್ತದೆ ಎಂದರೆ ಎಲ್ಲರೂ ತಬ್ಬಿಬ್ಬು. ಮೇಷ್ಟ್ರು ರೇಗಲಿಲ್ಲ. ಇನ್ನು ಪ್ರತಿ ಭಾನುವಾರ ನೀವು ಆರು ಜನ ಮನೆಗೆ ಬನ್ನಿ ಅಂದರು.

ಒಂದು ರಬ್ಬರ್ ಚೆಂಡಿಗೆ ಸೈಕಲ್ ಸಲ್ಯೂಷನ್ ಹಚ್ಚಿ ಆರು ಬಟ್ಟೆಪಟ್ಟಿ ಅಂಟಿಸಿದ್ದರು. ಮುಂದೆ ಮಸಿಯಲ್ಲಿ ಪಾಪೆ. ತಳ ಕತ್ತರಿಸಿದ ಎಣ್ಣೆಡಬ್ಬದ ಬಾಯಿಗೆ ಅದನ್ನು ಕೂರಿಸಿ ಪಟ್ಟಿಗಳನ್ನು ಹಿಂದಕ್ಕೆ ಬಿಟ್ಟಿದ್ದರು. ಕಣ್ಣಿನ ಮೇಲಿನ ಓರೆ ಸ್ನಾಯು ರಾಟೆಯಂಥ ಒಂದು ಕುಣಿಕೆಯಲ್ಲಿ ಹಾದು ಬರುತ್ತದೆ, ಅದಕ್ಕೆ ಡಬ್ಬದ ಅಂಚಿನಲ್ಲಿ ಪರದೆಯ ರಿಂಗು. ಇದು ಎಡಗಣ್ಣು ಎಂದರು. ಒಬ್ಬೊಬ್ಬರಿಗೆ ಒಂದೊಂದು ಪಟ್ಟಿ, ಪರೀಕ್ಷೆ ಮುಗಿಯುವವರೆಗೂ ಅದೇ ನಮ್ಮ ಹೆಸರು. ಸದಾ ಕಾಲು ಕುಣಿಸುತ್ತಿದ್ದ ನನ್ನನ್ನು ನೋಡಿ, "ಹೊರಕ್ಕೆ ಎಳೆಯೋದು ನಿಂಗೇ ಸರಿ ಕಣಯ್ಯಾ, ನೀನು ಒಳಗೆ ಕೂರೋನಲ್ಲ" ಅಂದರು.

"ಕಿವಿ ಕಡೆ ನೋಡು" ಎಂದು ಕೂಗಿದರೆ ನಾನು ಎಳೆಯಬೇಕು, ಮೂಗಿನ ಕಡೆಯವನು ಸಡಿಲ ಬಿಡಬೇಕು. ಅವನು ಮರೆತರೆ ಚೆಂಡು ಕದಲುತ್ತಿರಲಿಲ್ಲ. ನಾವು ಕಚ್ಚಾಡುತ್ತಿದ್ದೆವು, ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಅವರ ಹೆಂಡತಿಯನ್ನು ನಾವು ಅಮ್ಮ ಎನ್ನುತ್ತಿದ್ದೆವು. ಅವರಿಗೆ ಇಂಗ್ಲಿಷ್ ಬಾರದು, ಆದರೂ ಕಾಫಿ ಕೊಡುವಾಗ ನಮ್ಮನ್ನು ಸ್ನಾಯುಗಳ ಹೆಸರಿನಿಂದಲೇ ಕರೆಯುತ್ತಿದ್ದರು. "ಹೊರಕ್ಕೆ ಎಳೆಯೋನು ಬಂದ್ನಾ?"

ಕೆಲವು ತಿಂಗಳ ಮೇಲೆ ಮೇಷ್ಟ್ರು ಮುಖವನ್ನು ಸ್ವಲ್ಪ ಎಡಕ್ಕೆ ತಿರುಗಿಸಿಕೊಂಡು ಮಾತಾಡತೊಡಗಿದರು. ಏನೋ ಹೊಸ ಗತ್ತು ಅಂದುಕೊಂಡೆವು. ಒಂದು ದಿನ ಕಾಫಿ ಲೋಟಕ್ಕೆ ಕೈಚಾಚಿದರು, ಲೋಟ ಇದ್ದದ್ದು ಬೇರೆ ಕಡೆ... ನಕ್ಕುಬಿಟ್ಟರು.

ಮುಂದಿನ ಭಾನುವಾರ, "ಇವತ್ತು ಚೆಂಡು ಬೇಡ, ನನ್ನ ಕಣ್ಣು ನೋಡಿ" ಅಂದರು. ನಾನು ಅವರ ಮುಂದೆ ಬೆರಳು ಆಡಿಸಿದೆ. ಅವರ ಬಲಕ್ಕೆ ಎರಡೂ ಕಣ್ಣು ಬಂದವು. ಎಡಕ್ಕೆ ಒಯ್ದೆ. ಬಲಗಣ್ಣು ಬಂತು, ಎಡಗಣ್ಣು ನಡುವಿನಲ್ಲೇ ನಿಂತುಬಿಟ್ಟಿತು.

"ಯಾವ್ದಪ್ಪಾ ಅದು?"

"ನಂದು ಸಾರ್."

ಉತ್ತರ ಸರಿ. ನನಗೆ ಜಂಬ, ಹುಡುಗರಿಗೆ ನಗು. ಆಮೇಲೆ ಒಬ್ಬೊಬ್ಬರದೇ ನಗು ನಿಂತಿತು. ಕುಣಿಯುತ್ತಿದ್ದ ನನ್ನ ಕಾಲೂ ನಿಂತಿತು.

"ಸರಿಯಾಗಿ ಹೇಳ್ದೆ. ಎಲ್ಲಾ ಎರಡೆರಡು ಕಾಣ್ತಿದೆ ಕಣ್ರಯ್ಯಾ, ತಲೆನೋವು ಬೇರೆ. ಸ್ನಾಯು ನೆಟ್ಟಗಿದೆ, ಅದರ ನರಾನ ಎಲ್ಲೋ ಏನೋ ಒತ್ತಿದೆ." ಪಾಠ ಹೇಳುವ ದನಿಯಲ್ಲೇ ಹೇಳಿದರು. ತಲೆಯೊಳಗೆ ಏನೋ ಬೆಳೆಯುತ್ತಿದೆ ಎಂದು ಬಾಯಿಬಿಟ್ಟು ಹೇಳಲಿಲ್ಲ. ಹೇಳಬೇಕಾಗಿಯೂ ಇರಲಿಲ್ಲ, ಪುಸ್ತಕದಲ್ಲಿ ನಾವೂ ಓದಿದ್ದೆವು.

ಕಾಫಿ ತಟ್ಟೆ ಹಿಡಿದು ಅಮ್ಮ ಬಾಗಿಲಲ್ಲೇ ನಿಂತಿದ್ದರು. ನನ್ನನ್ನೇ ನೋಡಿ ಮೆಲ್ಲಗೆ ಅಂದರು: "ನಿಂದೇ ಅಂದ್ರೆ ಎಳ್ದು ಬಿಡಪ್ಪಾ. ಪ್ರತೀ ವಾರ ಎಳೀತಿಯಲ್ಲ."

ತಮಾಷೆಯಲ್ಲ. ನಿಜವಾಗಿಯೇ ಕೇಳಿದ್ದರು.

ಆಪರೇಷನ್‌ಗೆಂದು ಮೇಷ್ಟ್ರನ್ನು ಮದರಾಸಿಗೆ ಕರೆದುಕೊಂಡು ಹೋದರು. ಅವರು ತಿರುಗಿ ಬರಲಿಲ್ಲ. ಅಮ್ಮ ಮನೆ ಮಾರಿ ತಮ್ಮನ ಊರಿಗೆ ಹೋದರು. ನಾನು ಕಣ್ಣಿನ ಸಹವಾಸವೇ ಬೇಡವೆಂದು ಮೂಳೆ ಡಾಕ್ಟರಾದೆ. ಅಷ್ಟಾದರೂ ಮನಸ್ಸು ಒಂದು ಕಡೆ ನೆಲೆನಿಲ್ಲಲಿಲ್ಲ. ಪಟ್ಟಿ ಮಾತ್ರ ನನ್ನ ಕೈಯಲ್ಲಿತ್ತು ಅಮ್ಮಾ, ಮೇಷ್ಟ್ರ ಕಣ್ಣು ಇರಲಿಲ್ಲ ಎಂದು ಒಂದು ಸಲ ಹೇಳಬೇಕಿತ್ತು... ಹೇಳೋಣವೆಂದರೆ ಈಗ ಅವರೂ ಇಲ್ಲ.