ಜೋಳ ಸುರಿಯುವ ಸಾಲಿ

ಸುರ್ರ್... ಸುರ್ರ್... ಹಿತ್ತಾಳೆಯ ಸೇರಿನಿಂದ ಸ್ಟೀಲಿನ ಡಬ್ಬಿಗೆ ಜೋಳ ಸುರಿಯುವ ಸಪ್ಪಳ. ಸುರಿಯುವವರು ಮೂರು-ನಾಲ್ಕು ವರ್ಷದ ಮಕ್ಕಳು. ಅರ್ಧ ಡಬ್ಬಿಗೆ, ಅರ್ಧ ನೆಲಕ್ಕೆ. ಈಗಲೂ ವಿಜಯಪುರದ ಜಲನಗರದ ನನ್ನ ಅಡುಗೆಮನೆಯಲ್ಲಿ ಯಾರಾದರೂ ಮೊರಕ್ಕೆ ಜೋಳ ಸುರುವಿದರೆ ಸಾಕು, ನಾನು ಒಂದು ಗಳಿಗೆ ಟಿಕೋಟಾದಲ್ಲಿರುತ್ತೇನೆ.

ಆ ಸಾಲಿ, ಅಂದರೆ ಪುಟ್ಟ ಮಕ್ಕಳ ಶಾಲೆ, ನಮ್ಮ ಪಕ್ಕದ ಮನೆಯ ಹುಡುಗಿಯದು. ಡೆನ್ಮಾರ್ಕಿಗೆ ಹೋಗಿ ಅರ್ಲಿ ಚೈಲ್ಡ್‌ಹುಡ್ ಎಜುಕೇಶನ್ ಓದಿ ಬಂದವಳು ಟಿಕೋಟಾದಲ್ಲಿ ತನ್ನ ಅಜ್ಜನ ಒಣದ್ರಾಕ್ಷಿ ಶೆಡ್ಡಿನ ಒಂದು ಮಗ್ಗಲು ತೊಳೆಸಿ, ಸುಣ್ಣ ಹಚ್ಚಿಸಿ, ಮಕ್ಕಳನ್ನು ಕೂಡಿಸಿದಳು. ಆ ದೇಶದಲ್ಲಿ ಇಷ್ಟು ಸಣ್ಣ ಮಕ್ಕಳಿಗೆ ಪೆನ್ಸಿಲ್ ಹಿಡಿಸುವುದೇ ಇಲ್ಲವಂತೆ; ಮೊದಲು ಸುರಿದು, ತುಂಬಿ ಕೈ ಪಳಗಬೇಕಂತೆ. ಮಳೆಯಿರಲಿ, ಹಿಮವಿರಲಿ, ಹೊರಗೆ ಮಣ್ಣಿನಲ್ಲಿ ಆಡಲು ಬಿಡುತ್ತಾರಂತೆ. ಕಾನ್ವೆಂಟಿನಲ್ಲಿ ನಾಲ್ಕು ತುಂಬುವ ಮೊದಲೇ ಕರ್ಸಿವ್ ಬರೆದು, ಸಿಸ್ಟರ್ ಕೈಯಿಂದ ಗೆಣ್ಣಿನ ಮೇಲೆ ಸ್ಕೇಲಿನ ಏಟು ತಿಂದ ನನಗೆ ಇದೆಲ್ಲ ಫೇರಿ ಟೇಲ್. ವಾರಕ್ಕೊಮ್ಮೆ ಬಸ್ಸು ಹತ್ತಿ ಸ್ಟೋರಿ ಹೇಳಲು ಹೋಗುತ್ತಿದ್ದೆ. ಹೇಳಿದ್ದು ಕಡಿಮೆ, ಮಕ್ಕಳ ನಡುವೆ ಕೂತು ಜೋಳ ಸುರಿದದ್ದೇ ಹೆಚ್ಚು.

"ಮೊದಲ ಬ್ಯಾಚು ಒಂದನೇ ಇಯತ್ತೆ ಮುಟ್ಟೂತನಕ ಸಾಲಿ ನಿಂತರ ಸಾಕು ಆಂಟಿ," ಎನ್ನುತ್ತಿದ್ದಳು. "ಆಮ್ಯಾಲ ಸಾಲಿ ಪರ ಮಕ್ಕಳಽ ಮಾತಾಡ್ತಾವ."

ಆದರೆ ಅಪ್ಪ-ಅವ್ವಂದಿರು ದಿನಾ ಸಂಜೆ ಮಗುವಿನ ಬ್ಯಾಗು ತೆಗೆದು, ಇವತ್ತೇನು ಬರೆಸಿದಿರಿ ಎಂದು ಕೇಳುತ್ತಿದ್ದರು. ಒಬ್ಬಾತ, ಜ್ವಾಳ ನಮ್ಮ ಮನ್ಯಾಗೂ ಅದಾವ್ರಿ, ಬೇಕಾದರ ಎರಡು ಚೀಲ ಕಳಸ್ತೇನಿ, ಅವಕ್ಕೂ ಸಾಲಿ ಕಲಸ್ರಿ ಎಂದ. ಎಲ್ಲರೂ ನಕ್ಕರು, ಅವಳೂ ನಕ್ಕಳು. ನಗದೆ ಇದ್ದವಳು ದ್ರಾಕ್ಷಿ ತೋಟದ ಕೂಲಿಯಿಂದ ನೇರ ಬಂದಿದ್ದ ಒಬ್ಬ ತಾಯಿ.

"ಮಣ್ಣಾಗಿಂದ ಎಬ್ಬಸಾಕಽ ನಾವು ಸಾಲಿಗಿ ಕಳಸೂದ್ರಿ ಅಕ್ಕೋರ. ನೀವು ಮತ್ತ ಮಣ್ಣಾಗಽ ಕುಂದ್ರಸ್ತೀರಲ್ಲ?"

ಹುಡುಗಿ ಡೆನ್ಮಾರ್ಕಿನದೇನೋ ಹೇಳಹೋಗಿ ಅರ್ಧಕ್ಕೇ ನಿಲ್ಲಿಸಿದಳು. ನಾನು ನೆಲಕ್ಕೆ ಚೆಲ್ಲಿದ್ದ ಜೋಳ ಬಳಿಯತೊಡಗಿದೆ.

ಮರುವರ್ಷ ವಿಜಯಪುರದ ಇಂಗ್ಲಿಷ್ ಮೀಡಿಯಂ ಸಾಲಿಯ ಹಳದಿ ವ್ಯಾನು ಟಿಕೋಟಾಕ್ಕೆ ಬರತೊಡಗಿತು. ಬಬಲೇಶ್ವರ, ಸಾರವಾಡದ ಕಡೆಗೆ ಇನ್ನೊಂದು. ಜೂನ್ ಬಂತು, ನಮ್ಮ ಮಕ್ಕಳು ಬರಲಿಲ್ಲ. ಟೈ ಕಟ್ಟಿಕೊಂಡು ರಸ್ತೆಗೆ ನಿಂತಿದ್ದ ಅವರೇ ನಮ್ಮನ್ನು ಕಂಡು ಟಾಟಾ ಮಾಡಿದರು. ಶೆಡ್ಡಿಗೆ ಮತ್ತೆ ದ್ರಾಕ್ಷಿ ಬಂತು. ಆ ಮೊದಲ ಬ್ಯಾಚು ಏನು ಮಾತಾಡುತ್ತಿತ್ತೋ, ಅವಳಿಗೂ ಗೊತ್ತಾಗಲಿಲ್ಲ, ನನಗೂ.

ಕೆಲವು ತಿಂಗಳು ಇಲ್ಲೇ ನೌಕರಿ ಮಾಡಿ ಮತ್ತೆ ಡೆನ್ಮಾರ್ಕಿಗೆ ಹೋದಳು. ಈಗ ಅಲ್ಲಿಯ ಮಕ್ಕಳನ್ನು ಹಿಮದಲ್ಲಿ ಆಡಿಸುತ್ತಾಳೆ.

ಅವಳು ಹೋಗುವ ಮೊದಲು ನಾನು ಅವಳನ್ನು ಕಡೆಯ ಸಲ ಕಂಡದ್ದು ಸೊಲ್ಲಾಪುರ ರಸ್ತೆಯಲ್ಲಿ. ಕಣ್ಣಿನ ಡಾಕ್ಟರ ಹತ್ತಿರ ಹೊರಟಿದ್ದ ನನ್ನ ಆಟೋ ಟ್ರಾಫಿಕ್ಕಿನಲ್ಲಿ ನಿಂತಾಗ, ಪಕ್ಕಕ್ಕೇ ಅದೇ ಹಳದಿ ವ್ಯಾನು. ಬಾಗಿಲ ಬಳಿ ಟೀಚರ್ ಸೀಟಿನಲ್ಲಿ ಅವಳು; ತೊಡೆಯ ಮೇಲೆ ನಮ್ಮ ಟಿಕೋಟಾದ ಒಂದು ಹುಡುಗಿ, ಬೂಟುಗಾಲು ಇಳಿಬಿಟ್ಟು ಗಾಢ ನಿದ್ದೆಯಲ್ಲಿ.

"ಎ ಟು ಝಡ್ ಬರೀತಾಳ ಆಂಟಿ," ಎಂದಳು, ಮಗುವಿಗೆ ಎಚ್ಚರವಾಗದಂತೆ ಮೆಲ್ಲಗೆ. "ಭಾಳ ಛಂದ ಬರೀತಾಳ."

ವೆರಿ ಗುಡ್ ಎಂದೆ. ವ್ಯಾನು ಮುಂದೆ ಹೋಯಿತು.