ಬೋಲ್ಟಿನ ಆಚೆ ಬದಿ

ಜಾವಾದ ಮುಂತಿಲಾನ್ ಊರಿನ ಪಾಕ್ ಸರ್ವಿಡಿ ಒಮ್ಮೆ ರಿಪೇರಿ ಮಾಡಿದ ಗೇರು ಮತ್ತೆ ರಿಪೇರಿಗೆ ಬರುವುದಿಲ್ಲ. ಮಗೆಲಾಂಗ್‌ನಿಂದ ಜೋಗ್ಜಾದವರೆಗೆ ಸೈಕಲ್ ತುಳಿಯುವವರೆಲ್ಲ ಒಪ್ಪುವ ಮಾತಿದು. ಒಂದೇ ಒಂದು ಸೈಕಲ್ಲು ಮಾತ್ರ ಮೂರು ವರ್ಷ, ಶನಿವಾರ ತಪ್ಪದೆ, ಅವನ ಅಂಗಡಿಗೆ ಬಂತು. ಅವನ ಬಾಳಿನಲ್ಲಿ ಹೇಳುವಂಥದ್ದು ಅಂತ ಇರುವುದು ಅದೊಂದೇ.

ಅರವತ್ತೊಂದು ವರ್ಷ, ಹಾಗಾಗಿ ಊರಿಗೆಲ್ಲ ಪಾಕ್, ಅಂದರೆ ಯಜಮಾನರು. ಹೆಂಡತಿ ತೀರಿಕೊಂಡು ಒಂಬತ್ತು ವರ್ಷವಾಯಿತು, ಮಕ್ಕಳಿಲ್ಲ. ಮನೆಯ ಮುಂದಿನ ಕೋಣೆಯೇ ಅಂಗಡಿ. ಯಾರದಾದರೂ ದನಿ ಕೇಳಲಿ ಅಂತ ಬೆಳಗಾಗೆದ್ದು ರೇಡಿಯೊ ಹಾಕುತ್ತಾನೆ, ಅದರಲ್ಲಿ ಏನು ಹೇಳುತ್ತಿದ್ದಾರೆ ಅಂತ ಕೇಳಿದರೆ ಅವನಿಗೆ ಗೊತ್ತಿರುವುದಿಲ್ಲ.

ಹೊಂದದ ಗೇರುಗಳನ್ನು ಹೊಂದಿಸುವುದರಲ್ಲಿ ಅವನದು ಎತ್ತಿದ ಕೈ. ನಮ್ಮ ಜನ ಪೂರ್ತಿ ಸೆಟ್ಟನ್ನು ಹೊಸದಾಗಿ ಎಲ್ಲಿ ಕೊಳ್ಳುತ್ತಾರೆ ಹೇಳಿ? ಜೋಗ್ಜಾದ ಗುಜರಿಯಲ್ಲಿ ಹ್ಯಾಂಡಲ್ಲಿಗೆ ಇಟಲಿಯ ಲಿವರ್ ಸಿಕ್ಕಿದರೆ ಅದು, ಹಿಂದಿನ ಚಕ್ರಕ್ಕೆ ಚೈನು ಸರಿಸುವ ಜಪಾನಿನ ಡಿರೇಲರ್ ಸಿಕ್ಕಿದರೆ ಅದು. ಎರಡನ್ನೂ ಎತ್ತಿಕೊಂಡು ಬಂದು, "ಇವಕ್ಕೊಂದು ಮದ್ವೆ ಮಾಡ್ಸಿ ಪಾಕ್" ಅನ್ನುತ್ತಾರೆ. ಒಂದೊಂದು ಕಂಪನಿಯ ಅಳತೆ ಒಂದೊಂದು. ಆ ಲಿವರ್ ಪ್ರತಿ ಕ್ಲಿಕ್ಕಿಗೂ ಕೇಬಲ್ಲನ್ನು ಈ ಡಿರೇಲರಿಗೆ ಬೇಕಾದ್ದಕ್ಕಿಂತ ಕೂದಲೆಳೆಯಷ್ಟು ಜಾಸ್ತಿ ಎಳೆಯುತ್ತದೆ. ಮೊದಲ ಎರಡು ಮೂರು ಗೇರಿನಲ್ಲಿ ಗೊತ್ತಾಗುವುದಿಲ್ಲ. ಐದನೆಯದಕ್ಕೆ ಬರುವಷ್ಟರಲ್ಲಿ ಆ ಕೂದಲೆಳೆಗಳೆಲ್ಲ ಕೂಡಿಕೊಂಡು ಚೈನು ಅತ್ತಲೂ ಇಲ್ಲ, ಇತ್ತಲೂ ಇಲ್ಲ, ಕಟಕಟ ಅನ್ನಲು ಶುರು. ಮದ್ದು ಬಲು ಸಣ್ಣದು: ಡಿರೇಲರಿನ ಬೋಲ್ಟಿಗೆ ಕೇಬಲ್ಲನ್ನು ಈಚೆ ಬದಿಯಲ್ಲಿ ಬಿಗಿಯುವ ಬದಲು ಆಚೆ ಬದಿಯಲ್ಲಿ ಬಿಗಿದರೆ ಆಯಿತು, ಹೆಚ್ಚಿನ ಎಳೆತ ಅಲ್ಲೇ ತೀರಿಹೋಗುತ್ತದೆ. ಹತ್ತು ನಿಮಿಷದ ಕೆಲಸ.

ಶನಿವಾರದ ಸೈಕಲ್ಲು ಮುರ್ವಾನಿಯದು, ಅದಕ್ಕೂ ಇದೇ ರೋಗ. ಬ್ಲಾಬಾಕ್ ಪ್ರಾಥಮಿಕ ಶಾಲೆಯ ಟೀಚರು, ಐವತ್ತೆರಡು ವರ್ಷ, ಮದುವೆಯಾಗಿಲ್ಲ. ಊರೆಲ್ಲ ಅವಳನ್ನು ಕರೆಯುವುದು ಬು ಗುರು, ಅಂದರೆ ಟೀಚರಮ್ಮ, ಅಂತ. ಮೊದಲ ಸಲ ಬಂದಾಗ ಅವಳ ಕೇಬಲ್ಲು ನಿಜವಾಗಿಯೂ ಗಿಡ್ಡವಾಗಿತ್ತು, ಆಚೆ ಬದಿಗೆ ಎಟುಕಲಿಲ್ಲ. ಸದ್ಯಕ್ಕೆ ಈಚೆಗೇ ಕಟ್ಟಿ, ಹೊಸ ಕೇಬಲ್ ತರಿಸುತ್ತೇನೆ, ಮುಂದಿನ ಶನಿವಾರ ಬನ್ನಿ ಅಂದ. ಬಂದಳು. ಮಲ್ಲಿಗೆ ಚಹಾ ಕೊಟ್ಟ. ಸ್ಟೂಲಿನ ಮೇಲೆ ಕೂತು ಎರಡನೇ ಕ್ಲಾಸಿನ ಪುಂಡರ ಕತೆ ಹೇಳಿದಳು. ಸರ್ವಿಡಿ ನಕ್ಕ. ನಕ್ಕು ಎಷ್ಟು ಕಾಲವಾಗಿತ್ತೋ, ತನ್ನ ನಗು ತನಗೇ ಯಾರದೋ ಅನ್ನಿಸಿತು.

ಹೊಸ ಕೇಬಲ್ಲನ್ನೂ ಅವನು ಈಚೆ ಬದಿಗೇ ಕಟ್ಟಿದ. ಬೇಕೆಂದೇ ಕಟ್ಟಿದ, ಮುಚ್ಚಿಡುವುದೇನು ಬಂತು. ಸರಿಹೋದರೆ ಅವಳು ಮತ್ತೆ ಬರುವುದಿಲ್ಲವಲ್ಲ! ನಮ್ಮ ಕಡೆ ಪಕ್ಕದ ಮನೆಗೆ ಹೋಗಬೇಕಾದರೂ ಒಂದು ನೆಪ ಬೇಕು. ಇನ್ನು ಒಂಟಿ ಹೆಂಗಸು ಹೆಂಡತಿಯಿಲ್ಲದವನ ಬಾಗಿಲಿಗೆ ಕೆಲಸವಿಲ್ಲದೆ ಬರುವುದುಂಟೇ? ಪ್ರತಿ ಶನಿವಾರ ಕೇಬಲ್ ಬಿಗಿ ಮಾಡುವ ತಿರುಪನ್ನು ಕಾಲು ಸುತ್ತು ತಿರುಗಿಸುತ್ತಿದ್ದ. ಅದು ಸರಿಯಾಗಿ ಒಂದು ವಾರ ತಡೆಯುತ್ತಿತ್ತು.

ಪಕ್ಕದಲ್ಲಿ ತೋಫು ಕರಿದು ಮಾರುವ ಗಿಯಾಂತೊ ಸುಮ್ಮನಿರುವ ಆಸಾಮಿಯಲ್ಲ.

"ಏನ್ ಪಾಕ್, ಮೂರ್ ವರ್ಷ ಆಯ್ತು, ಬು ಗುರು ಗೇರು ಇನ್ನೂ ಅದೇ ಕ್ಲಾಸಲ್ಲೇ ಇದೆ. ಪಾಸಾಗೋ ಲಕ್ಷಣ ಕಾಣಲ್ವಲ್ಲ."

"ಹಳೇ ಸಾಮಾನು ಕಣಯ್ಯ, ಹಟ ಜಾಸ್ತಿ."

"ಹಟ ಸಾಮಾನಿಗೋ, ಮೇಸ್ತ್ರಿಗೋ?"

ಸರ್ವಿಡಿ ಕೇಳಿಸದವನಂತೆ ಸ್ಪ್ಯಾನರ್ ಹುಡುಕಿದ.

ಆಗಸ್ಟಿನ ಒಂದು ಶನಿವಾರ ಅವಳು ಸೈಕಲ್ ತಳ್ಳಿಕೊಂಡು ಬಂದಳು. ಮೊಣಕೈಗೆ ಬ್ಯಾಂಡೇಜು.

"ಕೆತೆಪ್ ಗುಡ್ಡದ ಏರಲ್ಲಿ ಎದ್ ನಿಂತು ತುಳೀತಿದ್ದೆ, ಚೈನು ಜಾರ್ಬಿಡ್ತು ಪಾಕ್. ಹಿಂದೇನೇ ಒಂದು ಲಾರಿ. ಪಾಪ, ಆ ಡ್ರೈವರ್ ಬ್ರೇಕ್ ಹಾಕ್ದ, ಬಚಾವಾದೆ." ಹೇಳಿ ಅವಳೇ ನಕ್ಕಳು.

ಸರ್ವಿಡಿಗೆ ನಗು ಬರಲಿಲ್ಲ. ಇವಳನ್ನು ಬೀಳಿಸಿದ್ದು ನಾನೇ, ಒಂದು ಲೋಟ ಚಹಾದ ಜೊತೆಗಾಗಿ ಇವಳನ್ನು ಲಾರಿಯ ಬಾಯಿಗೆ ಕೊಟ್ಟಿದ್ದೆ ಅನ್ನಿಸಿ ತನ್ನ ಮೇಲೇ ಹೇಸಿಗೆಯಾಯಿತು. ಕೇಬಲ್ ಬಿಚ್ಚಿ ಆಚೆ ಬದಿಗೆ ಬಿಗಿದ. ಪೆಡಲ್ ತಿರುಗಿಸಿದ. ಚೈನು ಒಂದರಿಂದ ಹತ್ತರವರೆಗೆ ಸದ್ದಿಲ್ಲದೆ ಏರಿ ಇಳಿಯಿತು.

"ಇನ್ನು ತೊಂದ್ರೆ ಇಲ್ಲ ಬು ಗುರು. ಇನ್ಮೇಲೆ ಬರೋದ್ ಬೇಡ," ಅಂದ. ಧೈರ್ಯ ಹೇಳಿದೆ ಅಂದುಕೊಂಡ, ಪುಣ್ಯಾತ್ಮ.

ಮುರ್ವಾನಿ ಬಗ್ಗಿ ಬೋಲ್ಟನ್ನು ನೋಡಿದಳು. "ಆಚೆ ಬದಿಗೆ ಕಟ್ಟಿದ್ರಾ?"

"ಹೂಂ."

"ಒಳ್ಳೇದಾಯ್ತು ಪಾಕ್." ಚಹಾಕ್ಕೆ ಕೈ ಹಚ್ಚದೆ ಹೊರಟುಹೋದಳು. ಆಚೆ ಬದಿಯ ವಿಷಯ ಇವಳಿಗೆ ಹೇಗೆ ಗೊತ್ತು ಅಂತ ಅವನಿಗೆ ಆ ನಾಚಿಕೆಯಲ್ಲಿ ಹೊಳೆಯಲೇ ಇಲ್ಲ.

ಆಮೇಲೆ ಅವಳು ಬರಲಿಲ್ಲ. ಬರುವುದಿಲ್ಲ ಅಂತ ಅವನಿಗೆ ಗೊತ್ತಿತ್ತು, ಆದರೂ ಶನಿವಾರ ಮಧ್ಯಾಹ್ನ ಯಾರಾದರೂ ಸೈಕಲ್ ತಂದರೆ ಇವತ್ತು ಬಿಡುವಿಲ್ಲ ಅಂತ ಕಳಿಸುತ್ತಿದ್ದ. ಕಳಿಸಿ ಬೀದಿ ನೋಡುತ್ತ ಕೂರುತ್ತಿದ್ದ. ಹೆಂಡತಿ ಸತ್ತಾಗ ಆ ದುಃಖಕ್ಕೆ ಒಂದು ಹೆಸರಾದರೂ ಇತ್ತು. ಈಗಿನದಕ್ಕೆ ಅದೂ ಇರಲಿಲ್ಲ.

ಮೂರು ತಿಂಗಳ ಮೇಲೆ ಒಂದು ಸಂಜೆ ಗಿಯಾಂತೊ ಕುಚೋದ್ಯವಿಲ್ಲದ ಮುಖ ಹೊತ್ತು ಬಂದ.

"ಬು ಗುರು ಮಾರ್ಕೆಟ್ಟಲ್ಲಿ ಸಿಕ್ಕಿದ್ರು ಪಾಕ್. ನನ್ನಿಂದ ಪಾಕ್‌ಗೆ ಏನಾದ್ರೂ ಬೇಜಾರಾಗಿದ್ಯಾ ಅಂತ ಕೇಳಿದ್ರು."

"ನಂಗ್ಯಾಕೆ ಬೇಜಾರು?"

"ಜೋಗ್ಜಾದ ಅಂಗಡಿಯವನೊಬ್ಬ ಮೊದಲ್ನೇ ವರ್ಷಾನೇ ಹೇಳಿದ್ನಂತೆ, ಕೇಬಲ್ ಆಚೆ ಬದಿಗೆ ಕಟ್ಟಿದ್ರೆ ಹತ್ ನಿಮಿಷದಲ್ಲಿ ಸರಿಹೋಗತ್ತೆ ಅಂತ. ಮುಟ್ಬೇಡಿ, ನಮ್ಮೂರಲ್ಲಿ ನೋಡ್ಕೊಳ್ಳೋರಿದ್ದಾರೆ ಅಂದು ಎದ್ ಬಂದ್ರಂತೆ. ಈಗ ನೀವೇ ಕಟ್ಟಿ, ಬರೋದ್ ಬೇಡ ಅಂದ್ರಂತಲ್ಲ."

ಸರ್ವಿಡಿ ಕೂತಲ್ಲೇ ಕೂತ. ಅವಳಿಗೆ ಗೊತ್ತಿತ್ತು. ಗೊತ್ತಿದ್ದೂ ಬಂದಿದ್ದಳು. ಅಂಥವಳನ್ನು ತಾನು ತನ್ನ ಬಾಯಾರೆ ಬರಬೇಡ ಅಂದಿದ್ದ.

ಮರುದಿನ ಅಂಗಡಿ ತೆರೆಯದೆ ಸೈಕಲ್ಲೇರಿ ಬ್ಲಾಬಾಕ್‌ಗೆ ಹೊರಟ. ಕೇಬಲ್ ಸಡಿಲವಾಗಿರಬಹುದು ಅನ್ನೋಣವೇ? ಸೀಟು ನೋಡಬೇಕು ಅನ್ನೋಣವೇ? ದಾರಿಯುದ್ದಕ್ಕೂ ನೆಪ ಹೆಣೆದ. ಅವಳ ಮನೆಯ ಗೇಟಿನ ಮುಂದೆ ನಿಂತಾಗ ಒಂದೂ ಬಾಯಿಗೆ ಬರಲಿಲ್ಲ. ಎದುರು ಮನೆಯ ಹೆಂಗಸು ಗುಡಿಸುವುದನ್ನು ನಿಲ್ಲಿಸಿ ನೋಡುತ್ತಿದ್ದಳು.

ಮುರ್ವಾನಿ ಬಂದು ಗೇಟಿನ ಒಳಗೇ ನಿಂತಳು. "ಏನ್ ಕೆಲ್ಸ ಇತ್ತು ಪಾಕ್?"

"ಕೆಲ್ಸ ಏನೂ ಇಲ್ಲ ಬು ಗುರು," ಅಂದ. "ಮೂರ್ ವರ್ಷ ಬೇಕಂತ್ಲೇ ಕೆಡಿಸ್ತಿದ್ದೆ. ಈಗ ಸುಮ್ನೆ ಬಂದೆ."

ಅವಳು ಎದುರು ಮನೆಯ ಕಡೆ ನೋಡಿದಳು, ತನ್ನ ಬಾಗಿಲ ಕಡೆ ನೋಡಿದಳು.

"ಒಳಗೆ ಬನ್ನಿ ಅನ್ನೋಕಾಗಲ್ಲ ಪಾಕ್. ಮನೇಲಿ ಯಾರೂ ಇಲ್ಲ," ಅಂದಳು. ಆಮೇಲೆ, "ಯಾವತ್ತೂ ಇರಲ್ಲ," ಅಂದಳು.

ಒಳಗೆ ಹೋದಳು. ಸರ್ವಿಡಿ ಸೈಕಲ್ ತಿರುಗಿಸಲೂ ಆಗದೆ ನಿಂತಿದ್ದ. ಅವಳು ಎರಡು ಕುರ್ಚಿ ಹೊತ್ತುಕೊಂಡು ಬಂದು, ಗೇಟು ದಾಟಿ, ಬೀದಿಗೆಲ್ಲ ಕಾಣುವ ಹಾಗೆ ಹೊರಗೆ ಹಾಕಿದಳು.